ಮೊದಲ ಬೈಕ್ ಆರಿಸುವಾಗ ನಿಧಾನಕ್ಕೆ ಓಡಿಸಿ ನೋಡಿ

ಕಳೆದ ವಾರ ಚಿಕ್ಕಪ್ಪನ ಮಗಳು ಮೂರು ಬೈಕ್‌ಗಳ ಫೋಟೊ ಕಳಿಸಿ, "ಅಣ್ಣಾ, ಇದರಲ್ಲಿ ಯಾವುದು ತಗೊಳ್ಳಲಿ?" ಅಂತ ಕೇಳಿದಳು. ಅವಳಿಗೆ ಲೈಸೆನ್ಸ್ ಸಿಕ್ಕಿ ಇನ್ನೂ ತಿಂಗಳು ಆಗಿಲ್ಲ. ಮೂರೂ ಚೆಂದದ ಬೈಕ್‌ಗಳೇ. ಪ್ರತಿ ಫೋಟೊದ ಕೆಳಗೂ ಎಷ್ಟು ಸಿಸಿ, ಟಾಪ್ ಸ್ಪೀಡ್ ಎಷ್ಟು, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅಂತ ನೀಟಾಗಿ ಬರೆದಿದ್ದಳು. ಸೀಟು ಎಷ್ಟು ಎತ್ತರ, ಗಾಡಿ ಎಷ್ಟು ಭಾರ ಅನ್ನುವುದು ಒಂದರ ಕೆಳಗೂ ಇರಲಿಲ್ಲ. ನಾನು ಮೊದಲ ಬೈಕ್ ತೆಗೆದುಕೊಂಡಾಗಲೂ ಇದೇ ಲೆಕ್ಕ ಹಾಕಿದ್ದೆ. ಅವಳಿಗೆ ಫೋನಿನಲ್ಲಿ ಒಂದಷ್ಟು ಹೇಳಿದೆ, ಆದರೆ ಹೇಳಬೇಕಾದದ್ದು ಜಾಸ್ತಿ ಇತ್ತು, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟೇ. ಮೊದಲ ಬೈಕ್ ನಡಿಗೆಯ ವೇಗದಲ್ಲಿ ನಿಮ್ಮ ಮಾತು ಕೇಳಬೇಕು. ಜೋರಾಗಿ ಹೋಗುವಾಗ ಹೆಚ್ಚುಕಡಿಮೆ ಎಲ್ಲಾ ಬೈಕೂ ತಾನಾಗಿಯೇ ನೆಟ್ಟಗೆ ಓಡುತ್ತದೆ, ಚಕ್ರಗಳು ತಿರುಗುತ್ತಿರುವುದು ಮತ್ತು ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ವಾಲಿರುವ ರೀತಿ ಅದನ್ನು ಹಿಡಿದಿಡುತ್ತವೆ. ವೇಗ ಇಳಿದು, ಯೂ ಟರ್ನ್ ತೆಗೆದುಕೊಳ್ಳುವಾಗ, ಗಾಡಿಗಳ ನಡುವೆ ನುಸುಳುವಾಗ, ಪಾರ್ಕಿಂಗ್‌ನಿಂದ ಹಿಂದಕ್ಕೆ ತಳ್ಳುವಾಗ ಪೂರ್ತಿ ಭಾರ ನಿಮ್ಮ ಮೇಲೆ ಬರುತ್ತದೆ. ಹೊಸಬರು ಗಾಡಿ ಬೀಳಿಸುವುದು ಜಾಸ್ತಿ ಅಲ್ಲೇ.

ನಾನು ಬೀಳಿಸಿದ್ದೂ ಅಲ್ಲೇ. ನನ್ನದು ಎತ್ತರದ ಬೈಕ್, ದೂರದ ಊರುಗಳಿಗೆ, ಕಲ್ಲು ಮಣ್ಣಿನ ದಾರಿಗೆ ಅಂತ ಮಾಡಿದ್ದು. ಶೋರೂಮಿನ ಸಮತಟ್ಟು ನೆಲದಲ್ಲಿ ಸೈಡ್ ಸ್ಟ್ಯಾಂಡ್ ಮೇಲೆ ನಿಂತಿದ್ದಾಗ ಕೂತು ನೋಡಿ, ಎಡಗಾಲು ಸಿಗುತ್ತಲ್ವಾ, ಸಾಕು ಅಂದುಕೊಂಡಿದ್ದೆ. ಎರಡನೇ ವಾರ ಒಂದು ಇಳಿಜಾರಿನ ರಸ್ತೆಯಲ್ಲಿ ಬಲಕ್ಕೆ ಯೂ ಟರ್ನ್ ತೆಗೆದುಕೊಳ್ಳುತ್ತಿದ್ದೆ. ಹ್ಯಾಂಡಲ್ ಪೂರ್ತಿ ತಿರುಗಿತ್ತು. ಎದುರಿಂದ ಒಂದು ಸೈಕಲ್ ಬಂತು, ಗಾಬರಿಯಲ್ಲಿ ಮುಂದಿನ ಬ್ರೇಕ್ ಒತ್ತಿ ಹಿಡಿದೆ. ಗಾಡಿ ಗಕ್ಕನೆ ನಿಂತು ಬಲಕ್ಕೆ ವಾಲಿತು. ಬಲಗಾಲು ಚಾಚಿದೆ, ನೆಲ ಸಿಗಲಿಲ್ಲ. ಇಳಿಜಾರಿನ ಕಡೆ ನೆಲ ಇನ್ನೂ ನಾಲ್ಕು ಬೆರಳು ಕೆಳಗಿತ್ತು. ಬೂಟಿನ ತುದಿ ತಾಗುವಷ್ಟರಲ್ಲಿ ಗಾಡಿ ಹಿಡಿದು ನಿಲ್ಲಿಸಬಹುದಾದ ಹಂತ ದಾಟಿ ಹೋಗಿತ್ತು. ಬೈಕ್ ಸ್ವಲ್ಪ ವಾಲಿದಾಗ ಒಂದು ಕೈಯಲ್ಲೇ ಹಿಡಿಯಬಹುದು. ಇನ್ನೊಂಚೂರು ವಾಲಿತೆಂದರೆ ಎಂಥಾ ಗಟ್ಟಿಗನಿಗೂ ನಿಲ್ಲಿಸಲಾಗುವುದಿಲ್ಲ, ಸುಮ್ನೆ ಬಿಟ್ಟು ಪಕ್ಕಕ್ಕೆ ಸರಿಯಬೇಕು. ಆಗ ನನಗೆ ಅದು ಗೊತ್ತಿರಲಿಲ್ಲ, ಹಿಡಿಯಲು ಹೋಗಿ ಸೊಂಟ ಹಿಡಿದುಕೊಂಡಿತು. ಬ್ರೇಕ್ ಲಿವರ್ ಬಾಗಿತು, ಕನ್ನಡಿ ಒಡೆಯಿತು. ವೇಗ ಸೊನ್ನೆ. ಆಮೇಲೆ ಎಷ್ಟೋ ತಿಂಗಳು ಯೂ ಟರ್ನ್ ಬಂದರೆ ಸಾಕು, ಮುಂದೆ ಹೋಗಿ ಸುತ್ತು ಬಳಸಿ ಬರುತ್ತಿದ್ದೆ. ಬೈಕಿನ ಗಾಯ ಒಂದೇ ದಿನದಲ್ಲಿ ರಿಪೇರಿ ಆಯಿತು, ಆ ಭಯ ಹೋಗಲು ಒಂದು ವರ್ಷ ಹಿಡಿಯಿತು.

ಅದಕ್ಕೇ ಮೊದಲು ಸೀಟಿನ ಎತ್ತರ ನೋಡಿ ಅನ್ನುತ್ತೇನೆ. ಹೋಂಡಾ ರೆಬೆಲ್ 500ರ ಸೀಟು ನೆಲದಿಂದ 690 ಮಿಲಿಮೀಟರ್, ಕವಾಸಕಿ ನಿಂಜಾ 400ರದ್ದು 785, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರದ್ದು 805, ಯಮಹಾ ಆರ್6ರದ್ದು 850. ಆದರೆ ಬರೀ ನಂಬರ್ ನೋಡಿ ತೀರ್ಮಾನ ಮಾಡಬೇಡಿ. ಸೀಟು ಅಗಲ ಇದ್ದರೆ ತೊಡೆ ಹೊರಕ್ಕೆ ಚಾಚಿ ಕಾಲು ಗಿಡ್ಡ ಆಗುತ್ತದೆ, ಮುಂದಿನ ಭಾಗ ಸಣ್ಣಗಿದ್ದರೆ ಅದೇ ಎತ್ತರದಲ್ಲೂ ಆರಾಮಾಗಿ ಕಾಲು ಸಿಗುತ್ತದೆ. ನೀವು ಕೂತಾಗ ಸಸ್ಪೆನ್ಶನ್ ಎಷ್ಟು ತಗ್ಗುತ್ತದೆ ಅನ್ನುವುದೂ ಮುಖ್ಯ. ದಿನಾ ಯಾವ ಶೂ ಹಾಕಿ ಓಡಿಸುತ್ತೀರೋ ಅದೇ ಹಾಕಿಕೊಂಡು ಹೋಗಿ. ಸ್ಟ್ಯಾಂಡ್ ತೆಗೆದು, ಗಾಡಿ ನೆಟ್ಟಗೆ ನಿಲ್ಲಿಸಿ ಕೂರಿ. ಎರಡೂ ಪಾದಗಳ ಮುಂಭಾಗ, ಅಂದರೆ ಬೆರಳುಗಳ ಹಿಂದಿನ ದಪ್ಪ ಭಾಗ, ಗಟ್ಟಿಯಾಗಿ ನೆಲಕ್ಕೆ ಊರಿದರೆ ಹೊಸಬರಿಗೆ ಸಾಕು. ಬರೀ ತುದಿಬೆರಳು ತಾಗುತ್ತಿದ್ದರೆ ಇನ್ನೊಂದು ಬೈಕ್ ನೋಡಿ. ಅನುಭವ ಬಂದವರು ಒಂದೇ ಕಾಲಿನಲ್ಲಿ ಎತ್ತರದ ಬೈಕನ್ನು ಹೂವಿನ ಹಾಗೆ ನಿಲ್ಲಿಸುತ್ತಾರೆ, ನಿಜ. ಆ ಅನುಭವ ಬರುವ ತನಕದ ಮಾತು ಇದು.

ಆಮೇಲೆ ಭಾರ. ಪೆಟ್ರೋಲ್, ಆಯಿಲ್ ಎಲ್ಲಾ ತುಂಬಿದ ಮೇಲಿನ ತೂಕವನ್ನೇ ಕೇಳಿ, ಅದನ್ನು ಕರ್ಬ್ ವೇಟ್ ಅನ್ನುತ್ತಾರೆ. ಕೆಲವು ಕಡೆ ಖಾಲಿ ಗಾಡಿಯ ತೂಕ ಬರೆದಿರುತ್ತಾರೆ, ಅದು ಯಾವ ಕೆಲಸಕ್ಕೂ ಬಾರದು. ನಿಂಜಾ 400 ಸುಮಾರು 168 ಕೆಜಿ, ಕ್ಲಾಸಿಕ್ 350 195 ಕೆಜಿ. ಓಡುವಾಗ ಈ ವ್ಯತ್ಯಾಸ ಅಷ್ಟು ಗೊತ್ತಾಗುವುದಿಲ್ಲ, ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳುವಾಗ ಒಂದೊಂದು ಕೆಜಿಯೂ ಗೊತ್ತಾಗುತ್ತದೆ. ಹಾಗಾಗಿ ಅಂಗಡಿಯಲ್ಲೇ ಇಳಿದು ನಿಂತು ಗಾಡಿಯನ್ನು ಹಿಂದಕ್ಕೆ ಮುಂದಕ್ಕೆ ತಳ್ಳಿ ನೋಡಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ತಳ್ಳಿ. ನಾಚಿಕೆ ಬೇಡ, ಓಡಿಸುವವರು ನೀವು.

ಬಿದ್ದ ಗಾಡಿ ಎತ್ತುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಮೊದಲು ಎಂಜಿನ್ ಆಫ್ ಮಾಡಿ. ಗಾಡಿ ಬಲಕ್ಕೆ ಬಿದ್ದಿದ್ದರೆ ಎತ್ತುವ ಮುಂಚೆಯೇ ಸೈಡ್ ಸ್ಟ್ಯಾಂಡ್ ಬಿಡಿಸಿಡಿ, ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಎಡಕ್ಕೆ ಬೀಳುತ್ತದೆ. ಉರುಳದ ಹಾಗೆ ಗೇರಿನಲ್ಲಿ ಇಡಿ. ಗಾಡಿಗೆ ಬೆನ್ನು ಮಾಡಿ, ಸೀಟಿಗೆ ಸೊಂಟ ಒತ್ತಿ ಕುಕ್ಕರಗಾಲಿನಲ್ಲಿ ಕೂರಿ. ಒಂದು ಕೈ ಹ್ಯಾಂಡಲ್ ಹಿಡಿ ಮೇಲೆ, ಇನ್ನೊಂದು ಕೈ ಹಿಂದಿನ ಕಂಬಿ ಅಥವಾ ಫ್ರೇಮಿನ ಮೇಲೆ. ಬೆನ್ನು ನೆಟ್ಟಗಿಟ್ಟು ಕಾಲಿನ ಬಲದಲ್ಲಿ ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡುತ್ತಾ ಏಳಿ. ಗಾಡಿ ನಿಮ್ಮ ಜೊತೆಗೇ ಮೇಲೆ ಬರುತ್ತದೆ.

ಇನ್ನು ಎಲ್ಲರೂ ಮೊದಲು ಕೇಳುವ ಪವರ್ ವಿಷಯ. ಸಿಸಿ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಆರ್6 ಮತ್ತು ಕ್ಲಾಸಿಕ್ 350 ತೂಕದಲ್ಲಿ ಹೆಚ್ಚುಕಡಿಮೆ ಒಂದೇ. ಒಂದರಲ್ಲಿ 100ಕ್ಕೂ ಜಾಸ್ತಿ ಎಚ್‌ಪಿ, ಇನ್ನೊಂದರಲ್ಲಿ ಸುಮಾರು 20. ಅಷ್ಟೇ ಅಲ್ಲ, ಶಕ್ತಿ ಎಲ್ಲಿ ಸಿಗುತ್ತದೆ ಅನ್ನುವುದನ್ನೂ ನೋಡಬೇಕು. ಕ್ಲಾಸಿಕ್‌ನ ಎಳೆಯುವ ಬಲ 4,000 ಆರ್‌ಪಿಎಂಗೇ, ಅಂದರೆ ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುವಾಗಲೇ, ತುದಿ ಮುಟ್ಟುತ್ತದೆ, ಹಾಗಾಗಿ ಕ್ಲಚ್ ಬಿಡುವಾಗ ಒಂಚೂರು ತಪ್ಪಾದರೂ ಗಾಡಿ ಆಫ್ ಆಗದೆ ಮುಂದೆ ಹೋಗುತ್ತದೆ. ಆರ್6ನಂಥ ರೇಸ್ ಜಾತಿಯ ಎಂಜಿನ್ ಕೆಳಗಿನ ಆರ್‌ಪಿಎಂನಲ್ಲಿ ಮಂಕಾಗಿದ್ದು, ಮೇಲೆ ಹೋದ ಹಾಗೆ ಇದ್ದಕ್ಕಿದ್ದಂತೆ ಎಗರುತ್ತದೆ, ಅದರ ಪೂರ್ತಿ ಪವರ್ ಸಿಗುವುದು 14,000 ಆರ್‌ಪಿಎಂ ದಾಟಿದ ಮೇಲೆ. ಹೊಸಬರ ಬಲಗೈ ಇನ್ನೂ ಹದ ಕಲಿತಿರುವುದಿಲ್ಲ. ಒಂದು ಗುಂಡಿ ಹಾರಿದರೂ ಮಣಿಕಟ್ಟು ತಿರುಗಿ ಜಾಸ್ತಿ ರೇಸ್ ಕೊಟ್ಟುಬಿಡುತ್ತದೆ. ಸಣ್ಣ ಎಂಜಿನ್ ಆ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ.

ಇದು ನನ್ನೊಬ್ಬನ ಅಂಜಿಕೆ ಅಲ್ಲ. ಯುರೋಪಿನಲ್ಲಿ ದೊಡ್ಡ ಬೈಕಿನ ಲೈಸೆನ್ಸ್‌ಗೆ ಮುಂಚಿನ ಹಂತವಾದ ಎ2 ಲೈಸೆನ್ಸ್‌ನಲ್ಲಿ 35 ಕಿಲೋವ್ಯಾಟ್, ಅಂದರೆ ಸುಮಾರು 47 ಎಚ್‌ಪಿಗಿಂತ ಜಾಸ್ತಿ ಇರುವ ಬೈಕ್ ಓಡಿಸುವ ಹಾಗಿಲ್ಲ. ಜಪಾನಿನಲ್ಲಿ 400 ಸಿಸಿ ದಾಟಬೇಕಾದರೆ ಬೇರೆಯೇ ಲೈಸೆನ್ಸ್ ಬೇಕು. ಲಾಸ್ ಏಂಜಲಿಸ್‌ನಲ್ಲಿ ಹ್ಯಾರಿ ಹರ್ಟ್ ಅನ್ನುವವರ ತಂಡ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ನೋಡಿ 1981ರಲ್ಲಿ ಒಂದು ವರದಿ ಕೊಟ್ಟಿತು. ಅದರಲ್ಲಿ ನನ್ನ ಮನಸ್ಸಿನಲ್ಲಿ ಉಳಿದ ಮಾತು ಒಂದಿದೆ. ಅಪಘಾತಕ್ಕೆ ಸಿಕ್ಕವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಆ ಬೈಕಿನ ಮೇಲೆ ಐದು ತಿಂಗಳೂ ಅನುಭವ ಇರಲಿಲ್ಲ, ಬೈಕ್ ಓಡಿಸುವ ಒಟ್ಟು ಅನುಭವ ಮಾತ್ರ ಸರಾಸರಿ ಮೂರು ವರ್ಷದ ಹತ್ತಿರ ಇತ್ತು. ಅಂದರೆ ಓಡಿಸಲು ಬಂದವರಿಗೂ ಹೊಸ ಗಾಡಿ ಹೊಸದೇ. ಇನ್ನು ಓಡಿಸುವುದೂ ಹೊಸತು, ಗಾಡಿಯೂ ಹೊಸತು ಆದಾಗ ಹೇಗಿರಬೇಡ? ನೂರಕ್ಕೆ 92 ಜನ ತಾವೇ ಕಲಿತವರು ಅಥವಾ ಮನೆಯವರು, ಗೆಳೆಯರ ಹತ್ತಿರ ಕಲಿತವರು ಅಂತಲೂ ಅದರಲ್ಲೇ ಇದೆ. ಸಾಧ್ಯವಾದರೆ ಒಂದು ಒಳ್ಳೆಯ ಟ್ರೇನಿಂಗ್‌ಗೆ ಸೇರಿ. ಗೊತ್ತಿದೆ ಅಂದುಕೊಂಡಿದ್ದ ಬ್ರೇಕ್ ಹಿಡಿಯುವ ಕೆಲಸವನ್ನೇ ನಾನು ಅಲ್ಲಿ ಮತ್ತೆ ಮೊದಲಿನಿಂದ ಕಲಿತೆ.

ಬ್ರೇಕ್ ಅಂದಾಗ ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ಲಾಕ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ. ಇದರಲ್ಲಿ ರಾಜಿ ಬೇಡವೇ ಬೇಡ. ಹೊಸಬರು ಹೆದರಿದಾಗ ಮಾಡುವ ಮೊದಲ ಕೆಲಸ ಕೈಗೆ ಸಿಕ್ಕ ಲಿವರ್ ಗಟ್ಟಿಯಾಗಿ ಹಿಂಡುವುದು. ಮುಂದಿನ ಚಕ್ರ ಲಾಕ್ ಆದರೆ ಗಾಡಿ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ನೆಲ ಕಚ್ಚುತ್ತದೆ. ಎಬಿಎಸ್ ಇದ್ದರೆ ಚಕ್ರ ಲಾಕ್ ಆಗುವ ಹಂತಕ್ಕೆ ಬಂದದ್ದನ್ನು ಸೆನ್ಸರ್ ಗುರುತಿಸಿ, ಬ್ರೇಕಿನ ಒತ್ತಡವನ್ನು ಸೆಕೆಂಡಿಗೆ ಎಷ್ಟೋ ಸಲ ಬಿಟ್ಟು ಹಿಡಿದು ಮಾಡುತ್ತದೆ. ಬೈಕಿಗೆ ಇದನ್ನು 1988ರಲ್ಲಿ ಬಿಎಂಡಬ್ಲ್ಯು ತಂದಿತು, ಈಗ ಸಣ್ಣ ಗಾಡಿಗಳಲ್ಲೂ ಇದೆ. ಕೆಲವದರಲ್ಲಿ ಮುಂದಿನ ಚಕ್ರಕ್ಕೆ ಮಾತ್ರ, ಕೆಲವದರಲ್ಲಿ ಎರಡಕ್ಕೂ ಇರುತ್ತದೆ, ಎರಡಕ್ಕೂ ಇರುವುದನ್ನೇ ತೆಗೆದುಕೊಳ್ಳಿ. ತಿರುವಿನಲ್ಲಿ ವಾಲಿರುವಾಗ ಮಾಮೂಲಿ ಎಬಿಎಸ್ ನಿಮ್ಮನ್ನು ಪೂರ್ತಿ ಕಾಪಾಡುತ್ತದೆ ಅಂತ ಮಾತ್ರ ನಂಬಿಕೊಳ್ಳಬೇಡಿ.

ಕೂರುವ ಭಂಗಿ ಬಗ್ಗೆ ಒಂದೇ ಮಾತು: ಬೆನ್ನು ನೆಟ್ಟಗೆ, ಹ್ಯಾಂಡಲ್ ಅಗಲ. ಮುಂದಕ್ಕೆ ಬಗ್ಗಿ ಕೂರುವ ಬೈಕಿನಲ್ಲಿ ಮೈಭಾರ ಮಣಿಕಟ್ಟಿಗೆ ಬೀಳುತ್ತದೆ, ನಿಧಾನಕ್ಕೆ ತಿರುಗಿಸುವುದು ಕಷ್ಟ, ತಲೆ ಎತ್ತಿ ದೂರ ನೋಡುವುದಂತೂ ಇನ್ನೂ ಕಷ್ಟ.

ಹೊಸದಾ, ಸೆಕೆಂಡ್ ಹ್ಯಾಂಡಾ? ನನ್ನ ಓಟು ಸೆಕೆಂಡ್ ಹ್ಯಾಂಡಿಗೆ. ಮೊದಲ ಬೈಕ್ ಒಂದಲ್ಲ ಒಂದು ಸಲ ಬೀಳುತ್ತದೆ, ಮೊದಲೇ ನಾಲ್ಕು ಗೀರು ಇದ್ದರೆ ಮನಸ್ಸು ಹಗುರ ಇರುತ್ತದೆ. ಎರಡು ವರ್ಷದಲ್ಲಿ ನಿಮಗೆ ನಿಜವಾಗಿ ಯಾವ ಥರದ ಬೈಕ್ ಬೇಕು ಅಂತ ಗೊತ್ತಾಗುತ್ತದೆ, ಆಗ ಜಾಸ್ತಿ ನಷ್ಟ ಇಲ್ಲದೆ ಇದನ್ನು ಮಾರಬಹುದು. ಆದರೆ ನೋಡಿ ತೆಗೆದುಕೊಳ್ಳಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಗೆರೆಗಳು ಎಷ್ಟೇ ಆಳ ಇರಲಿ, ಹಳೆಯ ಟೈರು ಒಣಗಿ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಲಿವರ್ ತುದಿ, ಹ್ಯಾಂಡಲ್ ತುದಿ, ಕಾಲಿಡುವ ಪೆಗ್‌ನ ತುದಿ ಉಜ್ಜಿದ್ದರೆ ಬಿದ್ದ ಗಾಡಿ. ನಿಂತಲ್ಲಿ ಬಿದ್ದದ್ದಾದರೆ ಪರವಾಗಿಲ್ಲ. ಮುಂದಿನ ಚಕ್ರ ನೆಲದಿಂದ ಎತ್ತಿಸಿ ಹ್ಯಾಂಡಲ್ ನಿಧಾನಕ್ಕೆ ಆ ಕಡೆ ಈ ಕಡೆ ತಿರುಗಿಸಿ. ನಡುವಿನಲ್ಲಿ ಕಟಕ್ ಅಂತ ಹಿಡಿದರೆ ಅಲ್ಲಿನ ಬೇರಿಂಗ್ ಹೋಗಿದೆ. ಫೋರ್ಕಿನ ಹೊಳೆಯುವ ಪೈಪಿನ ಮೇಲೆ ಎಣ್ಣೆಯ ಉಂಗುರ ಇದ್ದರೆ ಸೀಲ್ ಹೋಗಿದೆ. ಎಲ್ಲಕ್ಕಿಂತ ಮೊದಲು, ಹೋದ ತಕ್ಷಣ ಎಂಜಿನ್ ಹತ್ತಿರ ಕೈ ಹಿಡಿದು ನೋಡಿ. ಬಿಸಿ ಇದ್ದರೆ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವ ರೀತಿಯೇ ಅದರ ಆರೋಗ್ಯ ಹೇಳುತ್ತದೆ.

ಹೆಲ್ಮೆಟ್, ಜಾಕೆಟ್, ಗ್ಲೌಸ್, ಕಣಕಾಲು ಮುಚ್ಚುವ ಬೂಟು, ಇವುಗಳ ದುಡ್ಡು ಪಕ್ಕಕ್ಕೆ ತೆಗೆದಿಟ್ಟು ಉಳಿದದ್ದರಲ್ಲಿ ಬೈಕ್ ನೋಡಿ. ಹೆಲ್ಮೆಟ್ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡ. ಒಮ್ಮೆ ಪೆಟ್ಟು ತಿಂದರೆ ಒಳಗಿನ ಥರ್ಮಾಕೋಲಿನಂಥ ಪದರ ಅಪ್ಪಚ್ಚಿಯಾಗಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ.

ಟೆಸ್ಟ್ ರೈಡ್ ಕೊಟ್ಟಾಗ ಎಲ್ಲರೂ ಮಾಡುವ ಹಾಗೆ ಉದ್ದ ರಸ್ತೆಯಲ್ಲಿ ರೊಯ್ಯನೆ ಹೋಗಿ ಬರಬೇಡಿ, ಅದರಿಂದ ಏನೂ ಗೊತ್ತಾಗುವುದಿಲ್ಲ. ಖಾಲಿ ಜಾಗ ಹುಡುಕಿ, ಫಸ್ಟ್ ಗೇರ್, ಹಾಫ್ ಕ್ಲಚ್, ಹಿಂದಿನ ಬ್ರೇಕ್ ಮೇಲೆ ಹಗುರವಾಗಿ ಕಾಲು ಇಟ್ಟು ಎಂಟರ ಆಕಾರದಲ್ಲಿ ಸುತ್ತಿ. ಪಕ್ಕದಲ್ಲಿ ಒಬ್ಬರು ನಡೆದುಕೊಂಡು ಬಂದರೆ ಅವರ ಜೊತೆಗೇ ಹೋಗಲು ಆಗಬೇಕು. ಹತ್ತು ನಿಮಿಷ ಆದ ಮೇಲೂ ಭುಜ ಬಿಗಿದೇ ಇದ್ದರೆ ಆ ಬೈಕ್ ನಿಮಗೆ ಈಗ ಬೇಡ.

ತಂಗಿ ನಿನ್ನೆ ಮತ್ತೆ ಫೋನ್ ಮಾಡಿದ್ದಳು. ಮೂರರಲ್ಲಿ ಎರಡನ್ನು ಕೂತು, ತಳ್ಳಿ ನೋಡಿ ಬಂದಿದ್ದಾಳೆ. "ಅಣ್ಣಾ, ಫೋಟೊದಲ್ಲಿ ಜಾಸ್ತಿ ಇಷ್ಟ ಆಗಿತ್ತಲ್ಲ, ಅದನ್ನ ಹಿಂದಕ್ಕೆ ತಳ್ಳೋಕೇ ಆಗಲಿಲ್ಲ" ಅಂದಳು, ದನಿಯಲ್ಲಿ ಬೇಜಾರು ಇತ್ತು. ಭಾನುವಾರ ಒಂದು ಹಳೆಯ ಸಣ್ಣ ಬೈಕ್ ನೋಡಲು ಇಬ್ಬರೂ ಹೋಗುತ್ತಿದ್ದೇವೆ. ಮಾರುವವರಿಗೆ ಆಗಲೇ ಫೋನ್ ಮಾಡಿದ್ದಾಳಂತೆ, ನಾವು ಬರೋ ತನಕ ಸ್ಟಾರ್ಟ್ ಮಾಡಬೇಡಿ ಅಂತ.