ಏರ್ ರೈಫಲ್ ಅಭ್ಯಾಸದಲ್ಲಿ ಬೆರಳು, ಕಣ್ಣುಗಳ ಜೋಪಾನ

ಬಳ್ಳಾರಿಯಲ್ಲಿ ನಮ್ಮೊಂದಿಗೆ 10 ಮೀಟರ್ ಏರ್ ರೈಫಲ್ ಅಭ್ಯಾಸಕ್ಕೆ ಬರುವ ಹೊಸ ಹುಡುಗರಿಗೆ ನಾನು ಮೊದಲು ಹೇಳುವುದು ಬೆರಳಿನ ವಿಚಾರ. ನಳಿಗೆಯನ್ನು ಬಗ್ಗಿಸಿ ಗುಂಡು ತುಂಬುವ ಸ್ಪ್ರಿಂಗ್ ರೈಫಲ್‌ನಲ್ಲಿ, ಅಪ್ಪಿತಪ್ಪಿ ಟ್ರಿಗರ್ ಒತ್ತಿಹೋದರೆ ನಳಿಗೆ ರಪ್ಪನೆ ಮೇಲಕ್ಕೆ ಎಗರಿ ಮುಚ್ಚಿಕೊಳ್ಳುತ್ತದೆ. ಆ ಸಂದಿಯಲ್ಲಿ ಹೆಬ್ಬೆರಳು ಸಿಕ್ಕಿದರೆ ಉಗುರು ಕಪ್ಪಾಗುವುದಿರಲಿ, ಮೂಳೆ ಮುರಿದರೂ ಆಶ್ಚರ್ಯವಿಲ್ಲ. ಆದ್ದರಿಂದ 4.5 ಮಿಲಿಮೀಟರಿನ ಸೀಸದ ಗುಂಡನ್ನು ಕೂರಿಸಿ ಮುಗಿಯುವವರೆಗೂ ಇನ್ನೊಂದು ಕೈ ನಳಿಗೆಯನ್ನು ಬಿಗಿಯಾಗಿ ಹಿಡಿದೇ ಇರಬೇಕು, ಆದರೆ ಅಂಗೈ ನಳಿಗೆಯ ಬಾಯಿಗೆ ಅಡ್ಡ ಬರಕೂಡದು.

ಗಟ್ಟಿ ಲೋಹಕ್ಕೋ ಕಲ್ಲಿಗೋ ಬಡಿದ ಗುಂಡು ಹಿಂದಕ್ಕೆ ಸಿಡಿಯಬಲ್ಲದು. ಬೇಸಿಗೆಯಲ್ಲಿ ನಮ್ಮೂರಿನ ತಾಪ 40 ಡಿಗ್ರಿ ದಾಟಿದಾಗ ಬೆವರಿಗೆ ಬೇಸತ್ತು ರಕ್ಷಣಾ ಕನ್ನಡಕವನ್ನು ತೆಗೆದಿಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬೆವರು ಒರೆಸಿಕೊಳ್ಳಬೇಕಾದರೆ ರೈಫಲನ್ನು ಕೆಳಗಿಟ್ಟು, ಗುಂಡು ಹಾರಿಸುವ ಸಾಲಿನಿಂದ ಹಿಂದೆ ಸರಿದು ಒರೆಸಿಕೊಳ್ಳಲಿ. ಗಾಳಿಯ ಬದಲು ಮದ್ದಿನ ಬಲದಿಂದ ಗುಂಡು ಹಾರಿಸುವ .22 ರೈಫಲ್ ಬಳಸುವ ಕಡೆಯಲ್ಲಾದರೆ ಕಿವಿಗೂ ರಕ್ಷಣೆ ಬೇಕು.

ಅಭ್ಯಾಸ ಮುಗಿಸಿ ಒಗ್ಗರಣೆ-ಮಿರ್ಚಿ ತಿನ್ನಲು ಹೊರಡುವ ಮುನ್ನ ಸೋಪು ಹಚ್ಚಿ ಕೈ ತೊಳೆಯುವುದನ್ನು ಯಾರೂ ಮರೆಯಬಾರದು, ಏಕೆಂದರೆ ಬೆರಳಿಗೆ ಅಂಟಿದ ಸೀಸ ತಿಂಡಿಯೊಡನೆ ಹೊಟ್ಟೆ ಸೇರುತ್ತದೆ.