ಆಮೆ ಊಟ ಬಿಟ್ರೆ ಮೊದಲು ಥರ್ಮಾಮೀಟರ್ ತಗೊಳ್ಳಿ

ನಮ್ಮನೆ ಮಹಡಿ ಮೇಲೆ ಬಾಡಿಗೆಗಿದ್ದೋರಿಗೆ ಪುಣೆಗೆ ಟ್ರಾನ್ಸ್‌ಫರ್ ಆಯ್ತು, ಹೋಗೋವಾಗ ನಾಲ್ಕು ಗಿಡದ ಕುಂಡ, ಒಂದು ಹಳೇ ಕೂಲರ್ ಜೊತೆ ಒಂದು ಆಮೇನೂ ನಮಗೇ ಬಿಟ್ಟು ಹೋದ್ರು. ಹೆಸರು ಗುಂಡ. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರತ್ತಲ್ಲ, ಅಕ್ವೇರಿಯಂ ಅಂಗಡೀಲಿ ರೆಡ್ ಇಯರ್ಡ್ ಸ್ಲೈಡರ್ ಅಂತ ಪುಟಾಣಿ ಮರಿಗಳನ್ನ ಡಬ್ಬೀಲಿ ಹಾಕಿ ಮಾರ್ತಾರಲ್ಲ, ಆ ಜಾತಿ. ಚೆನ್ನಾಗಿ ನೋಡ್ಕೊಂಡ್ರೆ 20-30 ವರ್ಷ ಬದುಕತ್ತೆ, ಹೆಣ್ಣಾದ್ರೆ ಚಿಪ್ಪೇ 25 ಸೆಂಟಿಮೀಟರ್ ದಾಟಬಹುದು ಅನ್ನೋದನ್ನ ಮಾತ್ರ ಆ ಡಬ್ಬಿ ಕೊಡೋವಾಗ ಯಾರೂ ಹೇಳಲ್ಲ.

ಮೈಸೂರಲ್ಲಿ ಡಿಸೆಂಬರ್ ಚಳಿ ಶುರುವಾಗ್ತಿದ್ದ ಹಾಗೇ ಗುಂಡ ತಿನ್ನೋದು ನಿಲ್ಲಿಸ್ದ. ಕಾಳು ಹಾಕಿದ್ರೆ ನೀರಲ್ಲೇ ಊದ್ಕೊಂಡು ಕೂತಿರತ್ತೆ, ಈ ಕಡೆ ತಿರುಗಿ ನೋಡಲ್ಲ. ಅಮ್ಮ "ಆ ಮಕ್ಕಳನ್ನ ಹಚ್ಚಿಕೊಂಡಿತ್ತು ಕಣೋ, ಕೊರಗ್ತಿದೆ ಪಾಪ" ಅಂದ್ರು. ಪಕ್ಕದ್ಮನೆ ಆಂಟಿ ಒಣಸೀಗಡಿ ಹಾಕಿ ನೋಡಿ ಅಂದ್ರು, ಅಣ್ಣ ಬೇರೆ ಕಂಪನಿ ಕಾಳು ತಂದ, ಅಪ್ಪ ಬಾಳೆಹಣ್ಣು. ನೋಡಿ, ಊಟ ಬಿಟ್ಟ ತಕ್ಷಣ ಎಲ್ರೂ ಯೋಚಿಸೋದು ಊಟದ ಬಗ್ಗೇನೇ, ಆದ್ರೆ ಆಮೆ ವಿಷಯದಲ್ಲಿ ನೂರಕ್ಕೆ ತೊಂಬತ್ತು ಸಲ ತೊಂದ್ರೆ ತಟ್ಟೇಲಿ ಇರಲ್ಲ ಅಂತ ನಂಗೀಗ ಅನ್ಸತ್ತೆ.

ನಮ್ಮ ಥರ ಅದರ ಮೈ ತಾನಾಗೇ ಬಿಸಿ ಇಟ್ಕೊಳ್ಳಲ್ಲ. ಸುತ್ತಲಿನ ನೀರು ಎಷ್ಟು ಬಿಸಿಯೋ ಮೈನೂ ಅಷ್ಟೇ. ನೀರು ತಣ್ಣಗಾದ್ರೆ ತಿಂದಿದ್ದು ಜೀರ್ಣ ಆಗಲ್ಲ, ಹೊಟ್ಟೇಲೇ ಕೊಳೆಯತ್ತೆ, ಹಾಗಾಗಿ ಹಸಿವೇ ಆಗಲ್ಲ. ಥರ್ಮಾಮೀಟರ್ ಇಟ್ಟು ನೋಡಿದ್ರೆ ಬೆಳಿಗ್ಗೆ ನೀರು 19 ಡಿಗ್ರಿ! ಇದಕ್ಕೆ 24ರಿಂದ 27 ಬೇಕು, ಮತ್ತೆ ಹತ್ತಿ ಕೂತು ಮೈ ಒಣಗಿಸ್ಕೊಳ್ಳೋಕೆ ಒಂದು ಕಲ್ಲೋ ಹಲಗೆನೋ ಬೇಕು, ಅಲ್ಲಿ ಬಲ್ಬ್ ಕೆಳಗೆ 30-32 ಇರ್ಬೇಕು. ಇಂಥ ಚಳೀಲಿ ಬಲವಂತವಾಗಿ ತಿನ್ಸೋದಂತೂ ಬೇಡವೇ ಬೇಡ.

ಬಿಸಿಲಿನ ಕಥೆ ಬೇರೆ. ಟ್ಯಾಂಕ್ ಕಿಟಕಿ ಪಕ್ಕಾನೇ ಇತ್ತು, ಬಿಸಿಲು ಬೀಳ್ತಿತ್ತು, ಮತ್ತೇನು ಬೇಕು ಅಂತ ಅಪ್ಪ ಕೇಳಿದ್ರು. ಆದ್ರೆ ಬಿಸಿಲಲ್ಲಿರೋ ಯುವಿಬಿ ಅನ್ನೋ ಅಲ್ಟ್ರಾವಯಲೆಟ್ ಕಿರಣನ ಕಿಟಕಿ ಗಾಜು ತಡೆದುಬಿಡತ್ತೆ, ಅದಿಲ್ದೆ ಮೈಯಲ್ಲಿ ವಿಟಮಿನ್ ಡಿ ಆಗಲ್ಲ, ಡಿ ಇಲ್ದಿದ್ರೆ ತಿಂದ ಕ್ಯಾಲ್ಸಿಯಂ ದಂಡ, ಚಿಪ್ಪು ಮೆತ್ತಗಾಗತ್ತೆ. ಯುವಿಬಿ ಬಲ್ಬ್ ಸಿಗತ್ತೆ, ಅದೂ ಆರು ತಿಂಗಳಿಂದ ವರ್ಷದೊಳಗೆ ಬದಲಾಯಿಸ್ಬೇಕು, ಬೆಳಕು ಕೊಡ್ತಾನೇ ಇದ್ರೂ ಒಳಗಿನ ಯುವಿಬಿ ಕಮ್ಮಿ ಆಗಿರತ್ತೆ. ನಾವು ಟೆರೇಸಲ್ಲಿ ಪ್ಲಾಸ್ಟಿಕ್ ಟಬ್ ಇಟ್ಟು ಅರ್ಧ ನೆರಳು ಮಾಡಿ ಬೆಳಗಿನ ಬಿಸಿಲಿಗೆ ಬಿಡೋದು ಶುರು ಮಾಡಿದ್ವಿ. ಗಾಜಿನ ಟ್ಯಾಂಕನ್ನೇ ಎತ್ಕೊಂಡು ಹೋಗಿ ಬಿಸಿಲಿಗೆ ಇಡ್ಬೇಡಿ, ನೀರು ಕಾದು ಬೆಂದು ಹೋಗತ್ತೆ ಪ್ರಾಣಿ. ಹದ್ದು ಕಾಗೆ ಮೇಲೆ ಕಣ್ಣಿರಲಿ.

ಹೀಟರ್ ಹಾಕಿದ ಮೇಲೂ ತಿನ್ನಲಿಲ್ಲ. ಆಗ ಡಾಕ್ಟರ್ ಹುಡುಕಾಟ, ಇದೇ ದೊಡ್ಡ ತಲೆನೋವು, ಸುಮಾರು ಕ್ಲಿನಿಕ್ಕಲ್ಲಿ ನಾಯಿ ಬೆಕ್ಕು ಬಿಟ್ರೆ ಬೇರೆ ನೋಡಲ್ಲ. ಫೋನಲ್ಲೇ "ಆಮೆ ನೋಡ್ತೀರಾ" ಅಂತ ಕೇಳಿಕೊಂಡು ಹೋಗಿ. ಒಂದು ಕಡೆ ಜಂತುಹುಳ ಇರ್ಬಹುದು, ಐವರ್ಮೆಕ್ಟಿನ್ ಕೊಡೋಣ ಅಂದ್ರು. ಈ ಹೆಸರು ದಯವಿಟ್ಟು ನೆನಪಿಟ್ಕೊಳ್ಳಿ, ನಾಯಿಗೆ ಹಸುಗೆ ಕೊಡೋ ಔಷಧಿ ಇದು, ಆಮೆಗೆ ವಿಷ, ಸತ್ತೇ ಹೋಗ್ಬಹುದು. ಅಲ್ಲಿಂದ ಎದ್ದು ಬಂದ್ವಿ.

ಆಮೇಲೆ ಸಿಕ್ಕ ಡಾಕ್ಟರ್ ಮೇಡಂ ಮಾತ್ರ ಮೊದಲು ತೂಕ ಹಾಕಿ ಆಮೇಲೆ ಮುಂಗಾಲಿನ ಉಗುರು ನೋಡಿ ನಕ್ಕುಬಿಟ್ರು. ಗಂಡಾದ್ರೆ ಉಗುರು ಉದ್ದಕ್ಕೆ ಇರತ್ತಂತೆ, ಬಾಲಾನೂ ದಪ್ಪ. ಇದು ಹೆಣ್ಣು. ಗುಂಡ ಅಲ್ಲ ಗುಂಡಮ್ಮ! ಹೆಣ್ಣಾದ್ರೆ ಜೊತೆಗೆ ಗಂಡು ಇಲ್ದಿದ್ರೂ ಮೊಟ್ಟೆ ಕಟ್ಟಬಹುದು, ಇಡೋಕೆ ಮರಳು ಮಣ್ಣು ಸಿಗ್ದೆ ಒಳಗೇ ಉಳಿದ್ರೆ ಊಟ ಬಿಡತ್ತೆ, ಅದಕ್ಕೇ ಎಕ್ಸ್‌ರೇ ತೆಗೆದ್ರು, ಮೊಟ್ಟೆ ಇರಲಿಲ್ಲ. ಆದ್ರೆ ಕಣ್ಣು ರೆಪ್ಪೆ ಸ್ವಲ್ಪ ಊದಿತ್ತು. ವರ್ಷಗಟ್ಲೆ ಒಣಸೀಗಡಿ ಮಾತ್ರ ತಿಂದ್ರೆ ವಿಟಮಿನ್ ಎ ಕಮ್ಮಿ ಆಗಿ ಹೀಗಾಗತ್ತೆ, ಕಣ್ಣು ಬಿಡೋಕಾಗಲ್ಲ, ಕಾಣ್ದೇ ಇದ್ರೆ ತಿನ್ನೋದೆಲ್ಲಿ. ವಿಟಮಿನ್ ಎ ಇಂಜೆಕ್ಷನ್ ಜಾಸ್ತಿ ಆದ್ರೆ ಚರ್ಮ ಸುಲಿಯತ್ತೆ ಅಂತ ಅವ್ರು ಚುಚ್ಚಲಿಲ್ಲ, ಕಣ್ಣಿಗೆ ಡ್ರಾಪ್ಸ್, ಕ್ಯಾರೆಟ್ ತುರಿ, ಶುದ್ಧ ನೀರು, ಬಿಸಿ, ಇಷ್ಟೇ. ಒಂದು ಕಡೆಗೆ ವಾಲಿಕೊಂಡು ತೇಲಿದ್ರೆ, ಮೂಗಲ್ಲಿ ಗುಳ್ಳೆ ಬಂದ್ರೆ, ಬಾಯಿ ತೆಗೆದು ಉಸಿರಾಡಿದ್ರೆ ನ್ಯುಮೋನಿಯಾ ಇರ್ಬಹುದು, ಅವತ್ತೇ ಕರ್ಕೊಂಡು ಬನ್ನಿ ಅಂದ್ರು.

ಸಂಕ್ರಾಂತಿ ಹೊತ್ತಿಗೆ ಕ್ಯಾರೆಟ್ ತುರಿ ಕಚ್ತು, ಆಮೇಲೆ ದಾಸವಾಳದ ಹೂವು. ಪಾಲಕ್ ಮಾತ್ರ ಅಭ್ಯಾಸ ಮಾಡಿಸ್ಬೇಡಿ, ಅದ್ರಲ್ಲಿರೋ ಒಂದು ಅಂಶ ಕ್ಯಾಲ್ಸಿಯಂನ ಮೈಗೆ ಹತ್ತೋಕೆ ಬಿಡಲ್ಲ.

ಈ ಮಧ್ಯೆ ಒಬ್ರು "ಕುಕ್ಕರಹಳ್ಳಿ ಕೆರೆಗೆ ಬಿಟ್ಟುಬಿಡಿ, ಪುಣ್ಯ ಬರತ್ತೆ" ಅಂದ್ರು. ಎಂಥ ಪುಣ್ಯ ಸ್ವಾಮಿ. ಇದು ಅಮೆರಿಕದ ಮಿಸಿಸಿಪಿ ಕಡೆಯ ಪ್ರಾಣಿ, ಬಿಟ್ಟ ಕಡೆ ನಮ್ಮ ಆಮೆಗಳ ಜಾಗ, ಊಟ ಎರಡೂ ಕಿತ್ಕೊಳ್ಳತ್ತೆ, ಇದೇ ಕಾರಣಕ್ಕೆ ಯುರೋಪ್ 1997ರಲ್ಲೇ ಇದರ ಆಮದು ನಿಲ್ಲಿಸ್ತು. ಇನ್ನು ನಿಮ್ಮನೇಲಿರೋದು ನಕ್ಷತ್ರ ಆಮೆ ಆಗಿದ್ರೆ, ಅದನ್ನ ಸಾಕೋದೇ ಅಪರಾಧ, ಅರಣ್ಯ ಇಲಾಖೆಗೆ ಕೊಟ್ಟುಬಿಡಿ.

ಈಗಿನ ಗಲಾಟೆ ಟಬ್ಬಿಂದು. ಚಿಪ್ಪಿನ ಒಂದೊಂದು ಇಂಚಿಗೆ ಹತ್ತತ್ರ 40 ಲೀಟರ್ ನೀರು ಬೇಕು, ಗುಂಡಮ್ಮ ಏಳಿಂಚು, ಲೆಕ್ಕ ಹಾಕಿ 280 ಲೀಟರ್ ಅಂದೆ. ಅಮ್ಮ "ವಾರಕ್ಕೊಂದ್ಸಲ ಆ ನೀರು ಬದಲಾಯಿಸೋದು ನೀನೇ ತಾನೇ?" ಅಂತ ಕೇಳಿ ಒಳಗೆ ಹೋದ್ರು.