ದೀನತೆ ಎಂದರೆ ತನ್ನನ್ನು ಹಳಿದುಕೊಳ್ಳುವುದಲ್ಲ
ಮುಂಬೈಯ ಕನ್ನಡ ಕ್ರೈಸ್ತ ಸಭೆಗಳಲ್ಲಿ ಆರಾಧನೆ ಮುಗಿದ ಮೇಲೆ ‘ಚೆನ್ನಾಗಿ ಹಾಡಿದಿರಿ’ ಅಂದರೆ ‘ಅಯ್ಯೋ, ನನ್ನದೇನಿದೆ’ ಎಂಬ ಉತ್ತರವೇ ಹೆಚ್ಚು. ದೇವರು ಕೊಟ್ಟ ವರವನ್ನು ಇಲ್ಲವೆಂದಂತಾಯಿತಲ್ಲ! ಬೈಬಲಿನ ರೋಮಾಪುರದವರಿಗೆ ಬರೆದ ಪತ್ರದ 12:3ರಲ್ಲಿ ಅಪೊಸ್ತಲ ಪೌಲ ಹೇಳಿದ್ದು, ಯೋಗ್ಯತೆಗೆ ಮೀರಿ ಎಣಿಸಿಕೊಳ್ಳದೆ ಸ್ವಸ್ಥಬುದ್ಧಿಯಿಂದ ಅಳೆದುಕೊಳ್ಳಿ ಎಂದು. ಸೊನ್ನೆ ಮಾಡಿಕೊಳ್ಳಿ ಎಂದಲ್ಲ. ಬೈಬಲಿನ ಅರಣ್ಯಕಾಂಡ 12:3 ಬಹು ಸಾತ್ವಿಕನೆನ್ನುವ ಮೋಶೆಯೇ ಐಗುಪ್ತದ ಅರಸ ಫರೋಹನ ಎದುರು ನಿಂತವನು.

ಹೊಗಳಿದರೆ ‘ಥ್ಯಾಂಕ್ಸ್, ದೇವರಿಗೆ ಸ್ತೋತ್ರ’ ಎಂದರೆ ಸಾಕು, ವಾದ ಬೇಡ. ರಾತ್ರಿ ಮಲಗುವ ಮುನ್ನ 5 ನಿಮಿಷ: ಚೆನ್ನಾಗಿ ಆದ ಒಂದು ಕೆಲಸಕ್ಕೆ ಕೃತಜ್ಞತೆ, ತಪ್ಪಿದ ಒಂದನ್ನು ಹೆಸರಿಟ್ಟು ಅರಿಕೆ. ‘ನಾನು ಪಾಪಿ’ ಎಂದು ಸಾರಾಸಗಟಾಗಿ ಹೇಳಿದರೆ ತಿದ್ದಿಕೊಳ್ಳಲು ಏನೂ ಸಿಗುವುದಿಲ್ಲ. ಪಕ್ಕದವರೊಂದಿಗೆ ಹೋಲಿಕೆಯಂತೂ ಬೇಡವೇ ಬೇಡ; ಲೂಕನ ಸುವಾರ್ತೆ 18ರಲ್ಲಿ ‘ನಾನು ಇತರರಂತಲ್ಲ’ ಎಂದು ದೇವರಿಗೆ ಸ್ತೋತ್ರ ಹೇಳಿದ ಫರಿಸಾಯನ (ಕಟ್ಟುನಿಟ್ಟಿನ ಯೆಹೂದಿ ಪಂಗಡದವನ) ಕೃತಜ್ಞತೆ ಕೆಟ್ಟುಹೋದದ್ದು ಆ ಹೋಲಿಕೆಯಿಂದಲೇ.